ಗೋಲ್ ಕಂಬದ ಟವೆಲ್

ಮೈದಾನದ ಸುತ್ತ ಸೇರಿದ್ದ ಜನರೆಲ್ಲ ಚೆಂಡು ನೋಡುತ್ತಿದ್ದರು. ನಾನೊಬ್ಬಳು ಗೋಲ್ ಬಲೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಬ್ಬ ಹುಡುಗನ ಕೈ ನೋಡುತ್ತಿದ್ದೆ.

ಬಂದರು ತಂಡದ ಗೋಲ್‌ಕೀಪರ್ ಅವನು. ಹದಿನಾರು ವರ್ಷದೊಳಗಿನವರ ಕಪ್ ಫೈನಲ್ ಆಡುತ್ತಿದ್ದಾನೆ, ಕೈಗೆ ಗ್ಲೌಸ್ ಇಲ್ಲ. ಅದಕ್ಕೇ ಎಲ್ಲರೂ ಅವನನ್ನು ಬರಿಗೈ ಎಂದೇ ಕರೆಯುವುದು. ಚೆಂಡು ಆಚೆ ತುದಿಗೆ ಹೋದಾಗಲೆಲ್ಲ ಅವನು ಕಂಬದ ಹತ್ತಿರ ಬಂದು, ಅಲ್ಲಿ ಕಟ್ಟಿದ್ದ ಟವೆಲ್ಲಿಗೆ ಅಂಗೈ ಒರೆಸುತ್ತಿದ್ದ. ಮುಖ ಕಿವುಚಿಕೊಂಡು, ಮೆಲ್ಲಗೆ, ನೋವಿದ್ದವರು ಒರೆಸುವ ಹಾಗೆ.

ಇದರಲ್ಲಿ ಏನಿದೆಯೆಂದು ನನಗಿನ್ನೂ ಹೊಳೆದಿರಲಿಲ್ಲ. ಹೊಳೆಯದೆ ಮನೆಗೆ ಹೋಗುವ ಹಾಗೂ ಇರಲಿಲ್ಲ. ಈ ಆಟ ಮುಗಿದು ಬಹುಮಾನ ಹಂಚುವಾಗ, ಮೈಕಿನಲ್ಲಿ, ಅಷ್ಟೂ ಜನರೆದುರು, ನನ್ನ ತಂಗಿಯ ಮಗ ಸೆಮಿಫೈನಲ್ ಮಾರಿಕೊಂಡ ಎಂದು ಸಾರಿ, ಅವನನ್ನು ಇನ್ನೆಂದೂ ಆಡದ ಹಾಗೆ ಆಚೆ ಹಾಕುತ್ತಾರೆ.

ಅವನು ಗಿರಣಿ ತಂಡದ ಕೀಪರ್. ಕೈಗೆ ಬಂದ ಚೆಂಡನ್ನು ಬಿಟ್ಟವನೇ ಅಲ್ಲ ಎಂದು ಚಿಕ್ಕಂದಿನಲ್ಲೇ ಗೋಂದು ಅನ್ನುವ ಹೆಸರು ಬಿದ್ದಿತ್ತು. ಆ ಗೋಂದು ಹೋದ ವಾರ ಇದೇ ಬಂದರು ತಂಡದ ಎದುರು, ದ್ವಿತೀಯಾರ್ಧದಲ್ಲಿ, ಮೂರು ಚೆಂಡುಗಳನ್ನು ಕೈಯಿಂದ ಜಾರಿಸಿ ಗೋಲಿನೊಳಗೆ ಬಿಟ್ಟ. ನಾನು ಕೂಡ ಹಿಡಿಯಬಹುದಾಗಿದ್ದ ಚೆಂಡುಗಳಂತೆ. ಸಾಲದ್ದಕ್ಕೆ, ಆಟಕ್ಕೆ ಮುಂಚೆ ಅವನೂ ಬರಿಗೈಯೂ ಸ್ಟೋರ್ ರೂಮಿನ ಹಿಂದೆ ನಿಂತು ಏನನ್ನೋ ಕೊಟ್ಟು ತೆಗೆದುಕೊಂಡದ್ದನ್ನು ಚಹಾದವನು ಕಣ್ಣಾರೆ ಕಂಡಿದ್ದಾನಂತೆ. ಕಪ್ ಸಮಿತಿಗೆ ಇಷ್ಟು ಸಾಕಾಯಿತು.

ಗೋಂದು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮನೆಗೆ ಹೋಗಿ, ಅಮ್ಮನ ಹೊಲಿಗೆ ಕತ್ತರಿ ತೆಗೆದುಕೊಂಡು, ಒಂದು ಗ್ಲೌಸನ್ನು ಚೂರು ಚೂರು ಮಾಡಿದ. ಇನ್ನೊಂದನ್ನು ನನ್ನ ತಂಗಿ ಕಿತ್ತುಕೊಂಡಳು. ಅಂದು ಮಲಗಿದವನು ಇನ್ನೂ ಸರಿಯಾಗಿ ಎದ್ದಿಲ್ಲ.

ನಾನು ಅರ್ಧ ಆಯುಷ್ಯ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿದವಳು. ತಾನೇ ಅಂಗಡಿಗೆ ಬೆಂಕಿಯಿಟ್ಟು, ಎದೆ ಬಡಿದುಕೊಂಡು ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಈಗ ಸ್ವಂತಕ್ಕೆ ಪತ್ತೇದಾರಿ ಮಾಡಿಕೊಂಡಿದ್ದೇನೆ. ಫುಟ್‌ಬಾಲ್ ಅಂದರೆ ನನಗೆ ಅಷ್ಟಕ್ಕಷ್ಟೇ. ಇಪ್ಪತ್ತೆರಡು ಜನ ಒಂದು ಚೆಂಡಿಗಾಗಿ ಬೆವರು ಸುರಿಸುವುದು ಯಾಕೆಂದು ಇವತ್ತಿಗೂ ತಿಳಿದಿಲ್ಲ. ಆದರೆ ಕೈ ಏನು ಮಾಡುತ್ತದೆ, ಮುಖ ಏನು ಮುಚ್ಚಿಡುತ್ತದೆ ಅನ್ನುವುದು ನನಗೆ ಗೊತ್ತು.

ಬ್ಯಾಗಿನಲ್ಲಿ ಫೋನು ಗುಂಯ್‌ಗುಟ್ಟಿತು. ತಂಗಿ.

"ಅಕ್ಕಾ, ಏನಾದ್ರೂ ಸಿಕ್ತಾ?"

"ಸಿಕ್ಕಿದ್ರೆ ಹೇಳ್ತಿರ್ಲಿಲ್ವಾ? ಅವನು ಹೇಗಿದಾನೆ?"

"ಗೋಡೆ ಕಡೆ ಮುಖ ಮಾಡಿ ಮಲಗಿದಾನೆ. ನೀರು ಕೂಡ ಬೇಡ ಅಂತಾನೆ. ಬೆಳಿಗ್ಗೆ ಏನೋ ಅಂದ ಅಕ್ಕ, ಬಾಯಲ್ಲಿ ಹೇಳಕ್ಕಾಗಲ್ಲ ನನಗೆ." ಅವಳ ದನಿ ಒಡೆಯಿತು. "ಬಾತ್‌ರೂಮ್ ಚಿಲಕ ಕಿತ್ತಾಕ್ಸಿದೀನಿ. ನಾನು ಅವನ ಪಕ್ಕ ಬಿಟ್ಟು ಏಳ್ತಾ ಇಲ್ಲ."

ಗಾಬರಿಯಾದಾಗ ಸಿಟ್ಟು ಬರುವುದು ನನ್ನ ಹುಟ್ಟುಗುಣ.

"ಅಳ್ತಾ ಕೂತ್ಕೋಬೇಡ! ಅವನ ತಲೆ ಸವರ್ತಾ ಇರು. ಮೈಕ್ ಹಿಡಿಯೋಕೆ ಮುಂಚೆ ನಾನು ಏನಾದ್ರೂ ಮಾಡ್ತೀನಿ."

ಏನು ಮಾಡುತ್ತೇನೆಂದು ದೇವರಿಗೇ ಗೊತ್ತು. ಫೋನಿಟ್ಟು ಮತ್ತೆ ಆ ಹುಡುಗನ ಕೈ ನೋಡಿದೆ.

ಈ ವಾರವೆಲ್ಲ ನಾನು ಬಂದರು ತಂಡ ಫೈನಲ್ಲಿಗೆ ನಡೆದು ಬಂದ ದಾರಿಯನ್ನು ಹಿಂದೆ ಹಿಂದೆ ತುಳಿದಿದ್ದೆ. ಮೊದಲ ಸುತ್ತಿನಲ್ಲಿ ಅವರು ಎದುರಿಸಿದ್ದು ಅಗ್ನಿಶಾಮಕ ಕಾಲೋನಿಯ ಹುಡುಗರನ್ನು. ವಿರಾಮದವರೆಗೂ ಗೋಲಿಲ್ಲ. ಆಮೇಲೆ ಕಾಲೋನಿಯ ಕೀಪರ್ ಒಂದು ಕಾರ್ನರ್ ಕಿಕ್ ಹಿಡಿದು ಕೈಬಿಟ್ಟ, ಬಂದರಿನವರು ಗೆದ್ದರು. ಕ್ವಾರ್ಟರ್ ಫೈನಲ್ಲಿನಲ್ಲಿ ಕೆರೆದಂಡೆಯ ತಂಡ. ಅಲ್ಲೂ ವಿರಾಮದವರೆಗೆ ಗೋಲಿಲ್ಲ. ಆಮೇಲೆ ಅವರ ಕೀಪರಿನ ಬೆರಳ ಸಂದಿಯಿಂದಲೇ ಚೆಂಡು ನುಸುಳಿತು. ಮೂರನೆಯವನು ನಮ್ಮ ಗೋಂದು.

ಇವತ್ತಿನ ಎದುರಾಳಿ ಗಡಿಯಾರದ ಶಾಲೆ, ಆ ಕಟ್ಟಡದ ನೆತ್ತಿಯ ಮೇಲಿನ ದೊಡ್ಡ ಗಡಿಯಾರದಿಂದ ಬಂದ ಹೆಸರು. ಅವರು ಎದುರಾದವರನ್ನೆಲ್ಲ ನೆಲಕ್ಕೆ ಕೆಡವಿಕೊಂಡೇ ಇಲ್ಲಿಗೆ ಬಂದವರು. ಬಂದರಿನವರಿಗೆ ಮಾತ್ರ ಪ್ರತಿಸಲವೂ ಎದುರಿನ ಕೀಪರೇ ಗೋಲು ಕೊಡುತ್ತಾನೆ. ಅದೃಷ್ಟ ಅನ್ನುತ್ತಿದ್ದರು ಜನ. ಅದೃಷ್ಟ ಹೀಗೆ ಪ್ರತಿಸಲ ವಿರಾಮ ಮುಗಿಯುವವರೆಗೆ ಕಾದು ಕೂರುತ್ತದೆಯೇ?

ರೆಫರಿ ಸೀಟಿ ಊದಿದ. ಮೊದಲರ್ಧ ಮುಗಿಯಿತು. ಯಾರ ಗೋಲೂ ಇಲ್ಲ.

ಬರಿಗೈ ಗ್ಯಾಲರಿಯ ಮೆಟ್ಟಿಲುಗಳ ಕಡೆ ಓಡಿದ. ಟವೆಲ್ ಕಂಬದಲ್ಲೇ ಉಳಿಯಿತು.

ಆಗ ನನಗೆ ತಲೆಗೆ ಹೊಡೆದ ಹಾಗಾಯಿತು. ದ್ವಿತೀಯಾರ್ಧದಲ್ಲಿ ತಂಡಗಳು ತುದಿ ಬದಲಾಯಿಸುತ್ತವೆ. ಬರಿಗೈ ಆ ಗೋಲಿಗೆ ಹೋಗುತ್ತಾನೆ. ಗಡಿಯಾರದ ಶಾಲೆಯ ಕೀಪರ್ ಈ ಗೋಲಿಗೆ ಬರುತ್ತಾನೆ. ಈ ಟವೆಲ್ಲಿಗೆ.

ಮಂಡಿ ಹಿಡಿದುಕೊಂಡು ಎದ್ದೆ, ಬಲೆ ಸುತ್ತಿ ಹೋಗಿ ಗಂಟು ಬಿಚ್ಚತೊಡಗಿದೆ.

"ಏಯ್ ಏಯ್ ಮೇಡಂ! ಮುಟ್ಬೇಡಿ!" ಮೈದಾನ ನೋಡಿಕೊಳ್ಳುವವನು ಗೆರೆ ಎಳೆಯುವ ಡಬ್ಬಿ ಬಿಸಾಕಿ ಓಡಿ ಬಂದ. ಮೈಯೆಲ್ಲ ಬಿಳಿಪುಡಿ. ಅವನನ್ನು ಎಲ್ಲರೂ ಸುಣ್ಣ ಅನ್ನುತ್ತಾರೆ. "ಟವೆಲ್ ಗೋಲಿಂದು, ಕೀಪರ್‌ದಲ್ಲ. ಬಿಚ್ಚೋ ಹಾಗಿಲ್ಲ."

"ಗೋಲಿಗ್ಯಾಕಪ್ಪ ಟವೆಲ್ಲು? ಸ್ನಾನ ಮಾಡುತ್ತಾ ಅದು?"

"ಹೋದ ಸಲದ ಕಪ್ಪಲ್ಲಿ ಒಬ್ಬ ಪುಣ್ಯಾತ್ಮ ಟವೆಲ್ಲಲ್ಲಿ ಫೋನ್ ಸುತ್ಕೊಂಡು ಬಂದು, ಗೋಲಲ್ಲಿ ನಿಂತು ಹುಡುಗಿ ಜೊತೆ ಮಾತಾಡ್ತಿದ್ದ ಮೇಡಂ. ಚೆಂಡು ಪಕ್ಕದಲ್ಲೇ ಒಳಗೆ ಹೋಯ್ತು. ಆವತ್ತಿಂದ ರೂಲ್ಸು. ಕೀಪರ್ ಏನೂ ತರೋ ಹಾಗಿಲ್ಲ. ನಾವೇ ಒಗೆದು ಗೋಲಿಗೊಂದು ಕಟ್ತೀವಿ, ಆಟ ಮುಗಿದ ಮೇಲೆ ನಾವೇ ಬಿಚ್ತೀವಿ."

"ಅಂದ್ರೆ ಇಬ್ಬರು ಕೀಪರಿಗೂ ಒಂದೇ ಟವೆಲ್?"

"ಮೊದಲು ಅವನಿಗೆ, ಆಮೇಲೆ ಇವನಿಗೆ. ಅದರಲ್ಲೇನಿದೆ?"

ಟವೆಲ್ಲನ್ನು ಮೂಗಿಗೆ ಹಿಡಿದೆ. ಬೆವರು, ಹುಲ್ಲು, ಅದರಡಿಯಲ್ಲಿ ಇನ್ನೊಂದು ವಾಸನೆ. ಮೇಣ, ಔಷಧಿ. ಅರೆ, ಇದು ನನ್ನದೇ ವಾಸನೆ! ದಿನಾ ಮಲಗುವಾಗ ನನ್ನ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುವ ಮುಲಾಮು.

ಕತ್ತರಿಯಿಂದ ಪಾರಾದ ಗೋಂದುವಿನ ಗ್ಲೌಸ್ ಬ್ಯಾಗಿನಲ್ಲೇ ಇತ್ತು. ಅದರಿಂದ ಇದುವರೆಗೆ ನನಗೆ ಏನೂ ಸಿಕ್ಕಿರಲಿಲ್ಲ. ಸೆಮಿಫೈನಲ್ ಮುಗಿದ ಸಂಜೆಯೇ ತಂಗಿ ಎರಡನ್ನೂ ಸೋಪು ಹಾಕಿ ತಿಕ್ಕಿ ಒಣಗಿಸಿದ್ದಳು. ಅಂಟಿದ್ದು ಏನಿದ್ದರೂ ಮೋರಿ ಪಾಲಾಗಿತ್ತು. ಈಗ ಅದನ್ನು ಕೈಗೆ ಏರಿಸಿದೆ. ಅಂಗೈ ಭಾಗ ನೊರೆಯಂಥ ರಬ್ಬರು. ನೀರಿನ ಬಾಟಲಿ ಹಿಡಿದೆ. ಬಿಡಿಸಿಕೊಳ್ಳುವುದೇ ಕಷ್ಟ, ಅಷ್ಟು ಗಟ್ಟಿ ಹಿಡಿತ. ಆಮೇಲೆ ಅಂಗೈಯನ್ನು ಟವೆಲ್ಲಿಗೆ ನಾಲ್ಕಾರು ಸಲ ಒರೆಸಿ ಮತ್ತೆ ಹಿಡಿದೆ.

ಬಾಟಲಿ ಜಾರಿ ಸುಣ್ಣನ ಕಾಲ ಮೇಲೆ ಬಿತ್ತು.

"ಅಯ್ಯಮ್ಮಾ!" ಅಂದ ಅವನು.

"ಹೋಗು, ಸೆಕ್ರೆಟರೀನ ಕರ್ಕೊಂಡು ಬಾ. ಓಡು! ಬಂದರಿನವರ ರೂಮಿಗೆ ಬರೋಕೆ ಹೇಳು. ಬರಲ್ಲ ಅಂದ್ರೆ ಹೊತ್ಕೊಂಡು ಬಾ!"

ಟವೆಲ್ ಬಿಚ್ಚಿಕೊಂಡು ನಾನೂ ನಡೆದೆ. ಬಂದರು ತಂಡಕ್ಕೆ ಕೊಟ್ಟಿದ್ದ ರೂಮು ಗ್ಯಾಲರಿಯ ಮೆಟ್ಟಿಲ ಕೆಳಗಿತ್ತು. ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಬೇಕು. ಗೋಡೆಗೆ ಒರಗಿಸಿಟ್ಟ ಹಳೇ ಚಾಪೆಗಳು, ಒದ್ದೆ ಕಾಲುಚೀಲದ ನಾತ, ನೆಲದ ಮೇಲೆ ಸಾಲಾಗಿ ಕೂತು ಕಿತ್ತಳೆ ತೊಳೆ ಚೀಪುತ್ತಿದ್ದ ಹುಡುಗರು. ನಡುವೆ ಅವರ ಕೋಚು. ಬಂದರಿನಲ್ಲಿ ಕ್ರೇನ್ ಓಡಿಸುವವನು, ಹುಡುಗರಿಗೆಲ್ಲ ಕ್ರೇನ್ ಮಾಮ. ಎತ್ತರದಿಂದ ಕೂಗಿ ಕೂಗಿ ಅವನ ದನಿ ನೆಲದ ಮೇಲೂ ಹಾಗೇ ಉಳಿದುಬಿಟ್ಟಿದೆ.

"ಯಾರ್ರೀ ನೀವು? ಹುಡುಗರು ಅಂಗಿ ಬದಲಾಯಿಸ್ತಿದಾರೆ, ಆಚೆ ನಡೀರಿ!"

"ನಾನು ಗೋಂದು ದೊಡ್ಡಮ್ಮ. ನೀವು ಟವೆಲ್ಲಿಗೆ ಮುಲಾಮು ಬಳಿಸಿ ಕಪ್ ಹೊಡ್ಕೋತಿರೋರು. ಈಗ ಪರಿಚಯ ಆಯ್ತಲ್ಲ?"

ಅವನ ಕುತ್ತಿಗೆ ಕೆಂಪಗಾಯಿತು. "ಏನಂದ್ರಿ?"

"ಕಿವಿ ಕೇಳಿಸಲ್ವಾ? ಅಗ್ನಿಶಾಮಕದೋರ ಹುಡುಗ ಜಾರಿಸಿದ, ಕೆರೆದಂಡೆಯವನು ಜಾರಿಸಿದ, ನಮ್ಮ ಗೋಂದು ಜಾರಿಸಿದ. ಎಲ್ಲರೂ ಸೆಕೆಂಡ್ ಹಾಫಲ್ಲೇ. ಎಲ್ಲರೂ ನಿಮ್ಮ ಕೀಪರ್ ಒರೆಸಿ ಬಿಟ್ಟು ಹೋದ ಟವೆಲ್ಲಿಗೇ ಕೈ ಒರೆಸಿದ ಮೇಲೆ!"

"ನಾಲಿಗೆ ಹಿಡಿತದಲ್ಲಿರ್ಲಿ! ಈ ಮಕ್ಕಳು ಕೆಲಸ ಮುಗಿಸ್ಕೊಂಡು ಬಂದು, ಹರಿದ ಬೂಟ್ ಹಾಕ್ಕೊಂಡು ಆಡಿದಾರೆ. ಮೋಸ ಮಾಡೋದಿದ್ರೆ ಮೊದಲು ಒಳ್ಳೇ ಬೂಟ್ ಕದೀತಿದ್ವಿ!"

ಅಷ್ಟರಲ್ಲಿ ಸಮಿತಿಯ ಸೆಕ್ರೆಟರಿ ತಲೆ ಬಗ್ಗಿಸಿ ಒಳಗೆ ಬಂದರು. ಹಲ್ಲಿನ ಡಾಕ್ಟರು, ಬಿಳಿ ಅಂಗಿ, ಎದೆಗೆ ಸಮಿತಿಯ ಬ್ಯಾಡ್ಜು. ಕಳೆದ ವಾರ ನಾನು ಬೇಡಿಕೊಳ್ಳಲು ಹೋದಾಗ, ರೋಗಿಯ ಬಾಯಲ್ಲಿ ಕನ್ನಡಿ ಇಟ್ಟುಕೊಂಡೇ, ಸಾಕ್ಷಿ ತನ್ನಿ ನೋಡೋಣ ಎಂದಿದ್ದ ಮಹಾನುಭಾವರು ಇವರೇ.

"ಏನಮ್ಮ ಗಲಾಟೆ? ಆಚೆಗೆಲ್ಲ ಕೇಳಿಸ್ತಿದೆ."

"ಸಾಕ್ಷಿ ಕೇಳಿದ್ರಲ್ಲ ಡಾಕ್ಟ್ರೇ, ತಗೊಳ್ಳಿ." ಒಬ್ಬ ಹುಡುಗನ ಹತ್ತಿರ ಚೆಂಡು ಇಸಿದುಕೊಂಡು ಅವರ ಕೈಗಿತ್ತೆ. ಗ್ಲೌಸನ್ನು ಅವರ ಬಲಗೈಗೆ ತೊಡಿಸಿದೆ. "ಹಿಡೀರಿ. ಒಂದೇ ಕೈಯಲ್ಲಿ."

ಹಿಡಿಯುವ ಮುಂಚೆಯೇ ಚೆಂಡು ಜಾರಿತು. ಮತ್ತೊಮ್ಮೆ ಪ್ರಯತ್ನಿಸಿದರು, ಮತ್ತೂ ಜಾರಿತು. ಡಾಕ್ಟರು ಅಂಗೈ ಮೂಸಿ, ಟವೆಲ್ ಮೂಸಿ, ಕ್ರೇನ್ ಮಾಮನ ಕಡೆ ತಿರುಗಿದರು.

"ಇದೇನಿದು?"

"ನನಗೇನ್ ಗೊತ್ತು ಸಾರ್! ನನ್ನ ಮಕ್ಕಳಾಣೆ ಗೊತ್ತಿಲ್ಲ!"

"ಮಾಮನ್ನ ಬೈಬೇಡಿ," ಅಂದಿತು ಮೂಲೆಯಿಂದ ಒಂದು ದನಿ. ಬರಿಗೈ ಎದ್ದು ನಿಂತಿದ್ದ. "ಅದು ನನ್ನ ಕೈಯದು."

ಎರಡೂ ಅಂಗೈ ಮುಂದೆ ಚಾಚಿದ. ನಾನು ಇಷ್ಟು ಹೊತ್ತು ದೂರದಿಂದ ನೋಡಿದ್ದ ಕೈಗಳು. ಬೆರಳ ಗೆಣ್ಣುಗಳಲ್ಲೆಲ್ಲ ಸೀಳು, ಸೀಳುಗಳಲ್ಲಿ ರಕ್ತ, ರಕ್ತದ ಮೇಲೆ ಹೊಳೆಯುವ ಮುಲಾಮು.

"ಏನೋ ಇದು ಮಗಾ?" ನನ್ನ ದನಿ ನನಗೇ ಗೊತ್ತಿಲ್ಲದಂತೆ ಇಳಿದಿತ್ತು.

"ಅಮ್ಮ ಮೀನು ಪ್ಯಾಕಿಂಗ್‌ಗೆ ಹೋಗ್ತಾಳೆ ಆಂಟಿ. ಬೆಳಿಗ್ಗೆ ಅವಳ ಜೊತೆ ನಾನೂ ಐಸ್ ಒಡೀತೀನಿ. ಐಸು, ಉಪ್ಪು. ಹಂಗಾಗಿ ಒಡೆಯುತ್ತೆ. ಅಮ್ಮನ ಕಾಲಿನ ಮುಲಾಮು ಹಚ್ಕೋತೀನಿ. ಜಾಸ್ತಿ ಆದ್ರೆ ಚೆಂಡು ಜಾರುತ್ತೆ ಅಂತ ಟವೆಲ್ಲಿಗೆ ಒರೆಸ್ಕೋತೀನಿ, ಅಷ್ಟೇ. ಆ ಟವೆಲ್ಲನ್ನ ಆಮೇಲೆ..." ಅವನ ಮಾತು ಅಲ್ಲೇ ನಿಂತಿತು. ಮುಖದ ಬಣ್ಣ ಇಳಿಯಿತು. "ಅಂದ್ರೆ ಅವರೆಲ್ಲ ಬಿಟ್ಟಿದ್ದು ನನ್ನಿಂದಾನಾ?"

ಒಬ್ಬ ಪುಟ್ಟ ಹುಡುಗ ಬಾಯಲ್ಲಿದ್ದ ಕಿತ್ತಳೆ ತೊಳೆಯನ್ನು ಹಾಗೇ ಇಟ್ಟುಕೊಂಡು ಕ್ರೇನ್ ಮಾಮನ ಮುಖ ನೋಡುತ್ತಿದ್ದ.

"ನಾವು ಗೆದ್ದಿದ್ದೆಲ್ಲ ಸುಳ್ಳಾ ಮಾಮ?"

"ಏಯ್, ಬಾಯ್ಮುಚ್ಚು. ಗೋಲು ಹೊಡೆದಿದ್ದು ನಿಮ್ಮ ಕಾಲು." ಆದರೆ ಅವನ ದನಿ ಕ್ರೇನಿನಿಂದ ಇಳಿದುಬಿಟ್ಟಿತ್ತು. ನನ್ನ ಕಡೆ ತಿರುಗಿದ. "ಮೇಡಂ, ಇನ್ನೊಂದು ಮಾತು. ಸೆಮಿಫೈನಲ್ ದಿನ ಇವನು..."

"ನೀವು ಸುಮ್ನಿರಿ ಸ್ವಲ್ಪ! ಹುಡುಗನ ಕೈ ಈ ಸ್ಥಿತೀಲಿದೆ, ನಿಮಗೆ ಕಾಣಿಸ್ಲಿಲ್ಲ. ಈಗ ಬಂದ್ರು ಮಾತಾಡೋಕೆ!"

"ಅಲ್ಲ ಮೇಡಂ, ಅದೇ..."

"ಬಾಯಿ ಮುಚ್ಕೊಂಡು ನಿಂತ್ಕೋತೀರಾ ಇಲ್ವಾ?"

ಅವನು ಬಾಯಿ ಮುಚ್ಚಿದ. ನಾನು ಬರಿಗೈ ಎದುರು ಮಂಡಿ ಊರಿ ಕೂತೆ. ಮಂಡಿ ಲಟಕ್ಕೆಂದಿತು, ಗಮನ ಕೊಡಲಿಲ್ಲ.

"ನೋಡು ಮಗಾ, ನೀನು ಬೇಕಂತ ಮಾಡಿದ್ದಲ್ಲ. ನಿನ್ನ ಮೇಲೆ ಯಾರೂ ಬೆರಳು ತೋರಿಸಲ್ಲ. ಒಂದೇ ಒಂದು ಹೇಳು. ಸೆಮಿಫೈನಲ್ ದಿನಾನೂ ಮುಲಾಮು ಹಚ್ಕೊಂಡಿದ್ಯಾ?"

"ಹಚ್ಕೊಂಡಿದ್ದೆ ಆಂಟಿ. ಆವತ್ತು ತುಂಬಾನೇ ಉರೀತಿತ್ತು."

ಮುಗಿಯಿತು! ಎದ್ದು ನಿಂತೆ. ಆ ತಗ್ಗು ಸೂರಿಗೆ ತಲೆ ಬಡಿದರೂ ನೋವಾಗಲಿಲ್ಲ.

"ಕೇಳಿದ್ರಲ್ಲ ಡಾಕ್ಟ್ರೇ?"

ಡಾಕ್ಟರು ಬರಿಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. "ಕೇಳ್ದೆ. ತಪ್ಪು ನಮ್ಮ ರೂಲ್ಸಿಂದು. ಒಂದೇ ಟವೆಲ್ಲಲ್ಲಿ ಇಬ್ಬರು ಕೈ ಒರೆಸೋದು ಅಂದ್ರೆ... ಛೆ! ನಾನು ಡಾಕ್ಟ್ರಾಗಿ ಇದಕ್ಕೆ ಸೈನ್ ಮಾಡಿದೀನಿ." ಬಾಗಿಲಲ್ಲಿ ಇಣುಕುತ್ತಿದ್ದ ಸುಣ್ಣನಿಗೆ ಹೇಳಿದರು, "ಎರಡೂ ಕಡೆ ಬೇರೆ ಟವೆಲ್ ಕಟ್ಟು. ಈ ಹುಡುಗನಿಗೆ ಒಂದು ಬೇರೇನೇ ಕೊಡು." ಆಮೇಲೆ ನನಗೆ, "ನಿಮ್ಮ ಹುಡುಗನ ಹೆಸರು ಇವತ್ತು ಮೈಕಲ್ಲಿ ಬರಲ್ಲ. ನಾನು ಸಮಿತಿಯವರಿಗೆ ಹೇಳ್ತೀನಿ."

"ನನಗೆ ಹೇಳಿದ್ದು ಸಾಲ್ದು. ಅವನಿಗೆ ಹೇಳಿ."

ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಮೊದಲ ರಿಂಗಿಗೇ ತಂಗಿ ಎತ್ತಿದಳು.

"ಅವನ ಕಿವಿ ಹತ್ರ ಹಿಡಿಯೇ ಫೋನ್ನ. ನೀನೂ ಸ್ಪೀಕರ್ ಹಾಕು. ಸೆಕ್ರೆಟರಿ ಮಾತಾಡ್ತಾರೆ."

ಡಾಕ್ಟರು ಗಂಟಲು ಸರಿ ಮಾಡಿಕೊಂಡರು. "ಅಮ್ಮಾ, ನಿಮ್ಮ ಮಗನ ಗ್ಲೌಸಿಗೆ ಗೊತ್ತಿಲ್ಲದೆ ಮುಲಾಮು ತಗುಲಿತ್ತು ಅಂತ ಕಾಣ್ತಿದೆ. ಅವನ ತಪ್ಪಿಲ್ಲ. ಅವನ ಹೆಸರು ಎಲ್ಲೂ ಹೇಳಲ್ಲ."

ಆ ಕಡೆ ಬಿಕ್ಕಳಿಕೆ. ಮಂಚ ಕಿರುಗುಟ್ಟಿದ ಸದ್ದು. ಆಮೇಲೆ ತಂಗಿ ಕಿರುಚಿದಳು.

"ಎದ್ದು ಕೂತ ಅಕ್ಕಾ! ಎದ್ದು ಕೂತ!"

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ನಾತದ ರೂಮಿನಲ್ಲಿ, ಗುರುತಿಲ್ಲದ ಹುಡುಗರ ನಡುವೆ, ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬರಿಗೈ ಕೂಡ ಅಳುತ್ತಾ ನಗುತ್ತಿದ್ದ.

"ಒಂದು ಬಾಕಿ ಇದೆ," ಅಂದರು ಡಾಕ್ಟರು. ಅವರ ಜಾತಿಯೇ ಅಂಥದು, ಒಂದು ಹಲ್ಲು ಕಿತ್ತ ಮೇಲೆ ಪಕ್ಕದ್ದನ್ನು ತಟ್ಟಿ ನೋಡದೆ ಬಿಡುವುದಿಲ್ಲ. "ಸಮಿತಿಯವರು ಕೇಳೇ ಕೇಳ್ತಾರೆ. ಆವತ್ತು ಸ್ಟೋರ್ ರೂಮ್ ಹಿಂದೆ ಅವನು ನಿನಗೆ ಏನು ಕೊಟ್ಟ?"

"ಹೇಳೋ ಮಗಾ," ಅಂದೆ ನಾನೇ, ಉತ್ಸಾಹದಿಂದ. "ಅದೂ ಒಂದು ಇತ್ಯರ್ಥ ಆಗ್ಲಿ."

ಬರಿಗೈ ಮೂಲೆಗೆ ಹೋಗಿ ತನ್ನ ಚೀಲ ತಂದ. ಅದರ ತಳದಿಂದ, ಒಗೆದ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದೊಂದನ್ನು ಹೊರತೆಗೆದ. ಒಂದು ಜೊತೆ ಗ್ಲೌಸ್. ಹೊಸದು. ಮಣಿಕಟ್ಟಿನ ಒಳಮೈಯಲ್ಲಿ ಕೆಂಪು ದಾರದ ಸಣ್ಣ ಹೂವಿನ ಗುರುತು. ನನ್ನ ತಂಗಿಯ ಹೊಲಿಗೆ. ಕತ್ತಲಲ್ಲಿ ಬೆರಳಾಡಿಸಿದರೂ ನನಗೆ ಗೊತ್ತಾಗುತ್ತದೆ.

"ಗೋಂದು ಕೊಟ್ಟ. ನಿನ್ನ ಕೈ ನೋಡಕ್ಕಾಗಲ್ಲ ಕಣೋ, ಹಾಕ್ಕೋ ಅಂದ. ಅವನು ತನ್ನ ಹಳೇದು ಹಾಕ್ಕೊಂಡ."

"ಆಟಕ್ಕೂ ಹಾಕ್ಕೊಂಡಿದ್ಯಾ?" ಅಂದರು ಡಾಕ್ಟರು.

"ಹೂಂ ಸಾರ್. ಮುಗಿಯೋವರೆಗೂ ಬಿಚ್ಚಲೇ ಇಲ್ಲ. ಒಳಗಡೆ ಮುಲಾಮಿಗೆ ಮೆತ್ತಗೆ ಇತ್ತು. ಅವನ ಮೇಲೆ ಹಂಗೆಲ್ಲ ಹೇಳಿದ ಮೇಲೆ ಹಾಕ್ಕೊಳ್ಳೋಕೆ ಮನಸ್ಸಾಗ್ಲಿಲ್ಲ, ಅದಕ್ಕೇ ಇವತ್ತು..."

ಮಿಕ್ಕಿದ್ದು ನನಗೆ ಕೇಳಿಸಲಿಲ್ಲ. ಕೈ ಗ್ಲೌಸಿನ ಒಳಗಿತ್ತು. ಮುಲಾಮು ಗ್ಲೌಸಿನ ಒಳಗಿತ್ತು. ಸೆಮಿಫೈನಲ್ ದಿನ ಟವೆಲ್ಲಿಗೆ ಏನೂ ಅಂಟಿರಲೇ ಇಲ್ಲ. ಕಾಲೋನಿಯ ಹುಡುಗನ ಕೈ ಜಾರಿದ್ದಕ್ಕೆ ಕಾರಣ ಸಿಕ್ಕಿತು, ಕೆರೆದಂಡೆಯವನಿಗೂ ಸಿಕ್ಕಿತು. ಇಡೀ ಕಪ್ಪಿನಲ್ಲಿ ಕಾರಣವಿಲ್ಲದೆ ಚೆಂಡು ಬಿಟ್ಟವನು ಈಗ ಒಬ್ಬನೇ ಉಳಿದ. ಅದನ್ನು ತೋರಿಸಿಕೊಟ್ಟವಳು ನಾನೇ, ಸೆಕ್ರೆಟರಿಯನ್ನು ಎಳೆತಂದು, ಎದುರಿಗೆ ನಿಲ್ಲಿಸಿಕೊಂಡು.

"ಅದನ್ನೇ ಹೇಳಕ್ಕೆ ಹೊರಟಿದ್ದೆ ಮೇಡಂ," ಅಂದ ಕ್ರೇನ್ ಮಾಮ ಮೆತ್ತಗೆ. "ನೀವು ಬಿಡ್ಲಿಲ್ಲ."

ಸಾಯಲಿ ನನ್ನ ಈ ಸಿಟ್ಟು. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಡಾಕ್ಟರ ಮುಖ ಬಿಗಿದುಕೊಂಡಿತ್ತು. "ಹೊಸ ಗ್ಲೌಸ್ ನಿನಗೆ ಕೊಟ್ಟು ಹಳೇದು ಯಾಕೆ ಹಾಕ್ಕೊಂಡ? ಸೆಮಿಫೈನಲ್ ಅಲ್ವಾ ಅದು?"

"ಡಾಕ್ಟ್ರೇ, ಸಾಕು. ಹುಡುಗನ್ನ ಬಿಡಿ, ಆಡೋಕೆ ಹೋಗ್ಬೇಕು."

"ತಡೀರಿ ಅಮ್ಮ. ಏನಂದ ಅವನು? ನಿಜ ಹೇಳು."

ಬರಿಗೈ ನನ್ನ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ತನ್ನ ಮಾತಿನಿಂದ ಗೆಳೆಯನಿಗೆ ಒಳ್ಳೆಯದಾಗುತ್ತದೆ ಎಂದೇ ಪಾಪ ಅವನು ಅಂದುಕೊಂಡಿದ್ದ.

"ನಾನು ಬೇಡ ಅಂದೆ ಸಾರ್. ಇವತ್ತು ನನಗೆ ಒಳ್ಳೇ ಗ್ಲೌಸ್ ಬೇಕಾಗಲ್ಲ, ನೀನೇ ಹಾಕ್ಕೋ ಅಂದ."

ಆಚೆ ರೆಫರಿ ಸೀಟಿ ಊದಿ ಕರೆಯುತ್ತಿದ್ದ. ಒಬ್ಬ ಹುಡುಗನೂ ಅಲ್ಲಾಡಲಿಲ್ಲ.

ನನ್ನ ಕೈಯಲ್ಲಿದ್ದ ಫೋನಿನಿಂದ ಉಸಿರು ಕೇಳಿಸಿತು. ಆಗ ನೆನಪಾಯಿತು, ಸ್ಪೀಕರು ಇನ್ನೂ ಹಾಗೇ ಇತ್ತು. ಆ ಕಡೆಯಲ್ಲೂ.

"ದೊಡ್ಡಮ್ಮಾ."

ಎಷ್ಟೋ ದಿನಗಳ ಮೇಲೆ ಕೇಳಿದ ದನಿ. ಒಣಗಿ ಹೋಗಿತ್ತು.

"ಮಗಾ! ಗೋಂದು! ಹೇಳೋ, ನಾನಿದೀನಿ."

"ಅವನನ್ನ ಬೈಬೇಡ ದೊಡ್ಡಮ್ಮ. ಅವನಿಗೇನೂ ಗೊತ್ತಿಲ್ಲ. ಅವನು ಹೇಳಿದ್ದೆಲ್ಲ ನಿಜ."

"ನೀನು ಸುಮ್ಸುಮ್ನೆ ಸೋಲೋನಲ್ಲ ಕಣೋ. ಯಾರೋ ಹೆದರಿಸಿದಾರೆ ನಿನಗೆ. ಯಾರು ಸೋಲು ಅಂತ ಹೇಳಿದ್ದು? ಹೆಸರು ಹೇಳು ಸಾಕು, ಉಳಿದಿದ್ದು ನಾನು ನೋಡ್ಕೋತೀನಿ."

ಮಂಚ ಮತ್ತೆ ಕಿರುಗುಟ್ಟಿತು.

"ಅಮ್ಮ ಇಲ್ಲೇ ಪಕ್ಕದಲ್ಲಿ ಕೂತಿದಾಳೆ. ಅವಳನ್ನೇ ಕೇಳು."

ನನಗೆ ಅರ್ಥವಾಗಲಿಲ್ಲ. ಅರ್ಥವಾದರೂ ಒಪ್ಪಲು ಮನಸ್ಸು ಬರಲಿಲ್ಲ. ಡಾಕ್ಟರು ಫೋನಿನ ಕಡೆ ಬಾಗಿದರು.

"ಏನೇ ಅವನು ಹೇಳ್ತಿರೋದು?" ಅಂದೆ. "ಏಯ್, ಕೇಳಿಸ್ತಾ ನಿನಗೆ? ಏನಾದ್ರೂ ಮಾತಾಡೇ!"

ಅಷ್ಟು ಹೊತ್ತು ಅಳುತ್ತಿದ್ದ ನನ್ನ ತಂಗಿ ಅಳು ನಿಲ್ಲಿಸಿದ್ದಳು. ಮಾತಾಡಿದಾಗ ಅವಳ ದನಿಯಲ್ಲಿ ನಡುಕವೇ ಇರಲಿಲ್ಲ.

"ಅಕ್ಕಾ, ಮೊದಲು ಸ್ಪೀಕರ್ ಆಫ್ ಮಾಡು."